ಕೊನೆಯ ಚೌಕದ ಮೇಲೆ ಅಂಗೈ

1950ರ ದಶಕದ ಅಮೆರಿಕನ್ ಕಾಮಿಕ್ಸ್ ಪುಸ್ತಕಗಳಲ್ಲಿ ಬರುತ್ತಿದ್ದ ವಿಜ್ಞಾನ ಕಥೆಗಳನ್ನೂ ನಿಗೂಢ ಕಥೆಗಳನ್ನೂ ಓದುವಾಗ ನನಗೊಂದು ಅಭ್ಯಾಸವಿದೆ. ಕಥೆ ಕೊನೆಯ ಪುಟಕ್ಕೆ ಬಂದಿತೆಂದು ತಿಳಿದ ಕೂಡಲೇ ಆ ಪುಟದ ಕೆಳಗಿನ ಬಲಮೂಲೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತೇನೆ. ಮೇಲಿನ ಚೌಕಗಳನ್ನು ಒಂದೊಂದಾಗಿ ಓದಿ ಮುಗಿಸಿದ ಮೇಲೆಯೇ ಕೈ ತೆಗೆಯುತ್ತೇನೆ. ಇದಕ್ಕೆ ಕಾರಣ ಸರಳವಾದದ್ದು. ಬರಹದ ಕಥೆಯಲ್ಲಿ ಕೊನೆಯ ಸಾಲು ಕಣ್ಣೆದುರಿಗೇ ಇದ್ದರೂ ಓದುವ ತನಕ ಅದು ಗುಟ್ಟು ಬಿಡುವುದಿಲ್ಲ. ಚಿತ್ರ ಹಾಗಲ್ಲ, ಪುಟ ತಿರುವಿದ ಕ್ಷಣದಲ್ಲೇ ಎಲ್ಲವನ್ನೂ ಹೇಳಿಬಿಡುತ್ತದೆ. ಮೊದಲ ಚೌಕದಲ್ಲಿ ನಾಯಕ ಇನ್ನೂ ಬಾಗಿಲು ತಟ್ಟುತ್ತಿರುವಾಗಲೇ ಕೊನೆಯ ಚೌಕದಲ್ಲಿ ಬಾಗಿಲ ಹಿಂದಿನ ಜೀವಿ ಹಲ್ಲು ಕಿರಿಯುತ್ತ ನಿಂತಿರುವುದು ನಮ್ಮ ಕಣ್ಣಂಚಿಗೆ ಬಿದ್ದಿರುತ್ತದೆ. ಹೀಗಿರುವಾಗ ಓದುಗನನ್ನು ಕೊನೆಯಲ್ಲಿ ಬೆಚ್ಚಿಬೀಳಿಸುವ ಕಥೆಯನ್ನು ಚಿತ್ರಗಳಲ್ಲಿ ಹೇಳುವುದು ಹೇಗೆ ಎಂಬುದು ಆ ಕಾಲದ ಬರಹಗಾರರಿಗೂ ಚಿತ್ರಗಾರರಿಗೂ ಪ್ರತಿ ಸಂಚಿಕೆಯಲ್ಲೂ ಎದುರಾಗುತ್ತಿದ್ದ ಪ್ರಶ್ನೆಯಾಗಿತ್ತು.

ಸುಲಭವಾದ ಉತ್ತರವೆಂದರೆ ಆ ಚಿತ್ರವನ್ನು ಪುಟ ತಿರುವಿದ ಮೇಲೆ ಬರುವ ಜಾಗದಲ್ಲಿ ಇಡುವುದು. ಬಹಳಷ್ಟು ಕಥೆಗಳು ಅಷ್ಟಕ್ಕೇ ನಿಲ್ಲುತ್ತವೆ. ಅವು ಒಮ್ಮೆ ಬೆಚ್ಚಿಬೀಳಿಸಿ ಮರೆತುಹೋಗುತ್ತವೆ. ಇನ್ನೊಂದು ಉತ್ತರ ಕಷ್ಟದ್ದು. ರಹಸ್ಯವನ್ನು ಕೊನೆಗೆ ತಂದು ಸುರಿಯದೆ ಮೊದಲ ಪುಟದಿಂದಲೇ ಓದುಗನ ಕಣ್ಣೆದುರಿಗೆ ಇಟ್ಟು, ಆತ ಅದನ್ನು ನೋಡಿಯೂ ನೋಡದಂತೆ ಮಾಡುವುದು. ನನ್ನನ್ನು ವರ್ಷಗಳಿಂದ ಹಿಡಿದಿಟ್ಟಿರುವುದು ಈ ಎರಡನೆಯ ಬಗೆಯ ಕಥೆಗಳು. ಅವುಗಳ ನಿಜವಾದ ಓದು ಶುರುವಾಗುವುದು ಅಂಗೈ ತೆಗೆದ ಮೇಲೆ, ಮತ್ತೆ ಮೊದಲ ಪುಟಕ್ಕೆ ಮರಳಿದಾಗ.

ಈ ಕಲೆಯ ತವರು ಎಂದು ನಾನು ಎಣಿಸುವುದು ನ್ಯೂಯಾರ್ಕಿನ ಇ.ಸಿ. ಕಾಮಿಕ್ಸ್ ಸಂಸ್ಥೆಯನ್ನು. ಮ್ಯಾಕ್ಸ್ ಗೇನ್ಸ್ ಅದನ್ನು ಆರಂಭಿಸಿದಾಗ ಹೆಸರಿನ ಮೊದಲ ಅಕ್ಷರ ‘ಎಜುಕೇಶನಲ್’ ಎಂಬುದಕ್ಕೆ ನಿಂತಿತ್ತು, ಬೈಬಲಿನ ಕಥೆಗಳನ್ನು ಚಿತ್ರಗಳಲ್ಲಿ ಅಚ್ಚು ಹಾಕುವುದು ಅದರ ಕೆಲಸಗಳಲ್ಲೊಂದಾಗಿತ್ತು. 1947ರಲ್ಲಿ ಆತ ದೋಣಿ ಅಪಘಾತದಲ್ಲಿ ತೀರಿಕೊಂಡಾಗ, ರಸಾಯನಶಾಸ್ತ್ರದ ಅಧ್ಯಾಪಕನಾಗಬೇಕೆಂದು ಓದುತ್ತಿದ್ದ ಮಗ ವಿಲಿಯಂ ಗೇನ್ಸ್ ತನ್ನ 25ನೆಯ ವಯಸ್ಸಿನಲ್ಲಿ, ಇಷ್ಟವಿಲ್ಲದೆಯೇ, ತಂದೆಯ ಕುರ್ಚಿಯಲ್ಲಿ ಕುಳಿತ. ಮರುವರ್ಷ ಆಲ್ ಫೆಲ್ಡ್‌ಸ್ಟೈನ್ ಎಂಬ ಚಿತ್ರಗಾರ ಜೊತೆಗೂಡಿದ. ರೇಡಿಯೋದ ಭಯಾನಕ ನಾಟಕಗಳ ನೆನಪು, ಓ. ಹೆನ್ರಿಯ ಸಣ್ಣಕಥೆಗಳ ಮಾದರಿ, ಅಗ್ಗದ ವಿಜ್ಞಾನ ಕಥಾ ಪತ್ರಿಕೆಗಳ ಹುಚ್ಚು ಇವೆಲ್ಲ ಸೇರಿ 1950ರಲ್ಲಿ ‘ವಿಯರ್ಡ್ ಸೈನ್ಸ್’, ‘ವಿಯರ್ಡ್ ಫ್ಯಾಂಟಸಿ’, ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ ಮುಂತಾದ ಪತ್ರಿಕೆಗಳಾಗಿ ಹೊರಬಂದವು. ಬೆಲೆ 10 ಸೆಂಟ್. ಒಂದು ಸಂಚಿಕೆಗೆ ಸಾಮಾನ್ಯವಾಗಿ ನಾಲ್ಕು ಕಥೆಗಳು, ಒಂದೊಂದೂ ಆರರಿಂದ ಎಂಟು ಪುಟ.

ಅವರ ಕೆಲಸದ ಕ್ರಮವನ್ನು ತಿಳಿದುಕೊಂಡ ಮೇಲೆ ಆ ಪುಟಗಳು ನನಗೆ ಬೇರೆಯಾಗಿಯೇ ಕಾಣತೊಡಗಿದವು. ಗೇನ್ಸ್‌ಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ರಾಶಿ ರಾಶಿ ಕಥೆಗಳನ್ನು ಓದುತ್ತ, ಚೀಟಿಗಳ ಮೇಲೆ ಕಥೆಯ ಎಳೆಗಳನ್ನು ಗೀಚಿಕೊಂಡು ಬೆಳಿಗ್ಗೆ ಕಚೇರಿಗೆ ತರುತ್ತಿದ್ದ. ಅವುಗಳಲ್ಲಿ ಒಂದನ್ನು ಫೆಲ್ಡ್‌ಸ್ಟೈನ್ ಒಪ್ಪಿಕೊಂಡನೆಂದರೆ ಆ ದಿನವೇ ಅದು ಕಥೆಯಾಗುತ್ತಿತ್ತು. ಆತ ಬೇರೆ ಹಾಳೆಯಲ್ಲಿ ಬರೆದು ಕೊಡುತ್ತಿರಲಿಲ್ಲ. ಚಿತ್ರ ಬರೆಯಬೇಕಾದ ದಪ್ಪ ಹಾಳೆಯ ಮೇಲೆಯೇ ಚೌಕಗಳನ್ನು ಗೆರೆ ಎಳೆದು, ನಿರೂಪಣೆಯನ್ನೂ ಸಂಭಾಷಣೆಯನ್ನೂ ತುಂಬಿಬಿಡುತ್ತಿದ್ದ. ಅಕ್ಷರಗಳನ್ನು ಅಚ್ಚುಪಟ್ಟಿಯಿಂದ ಒಂದೇ ಅಳತೆಯಲ್ಲಿ ಬರೆಸಿದ ಮೇಲೆಯೇ ಹಾಳೆ ಚಿತ್ರಗಾರನ ಕೈಗೆ ಹೋಗುತ್ತಿತ್ತು. ಅಂದರೆ ಚಿತ್ರಕ್ಕಿಂತ ಮೊದಲು ಮಾತು ಜಾಗ ಹಿಡಿದಿರುತ್ತಿತ್ತು. ಎಷ್ಟೋ ಚೌಕಗಳಲ್ಲಿ ಮೇಲಿನ ಅರ್ಧದಷ್ಟು ಬರಿಯ ಅಕ್ಷರವೇ ಇರುವುದಕ್ಕೆ, ಕೆಳಗೆ ಪಾತ್ರಗಳು ತಲೆ ತಗ್ಗಿಸಿ ನಿಂತಂತೆ ಕಾಣುವುದಕ್ಕೆ ಇದೇ ಕಾರಣ. ಇದನ್ನು ದೋಷವೆಂದು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆ ಭಾರವಾದ ನಿರೂಪಣೆಯಿಂದ ಒಂದು ಲಾಭವೂ ಆಯಿತು. ಹಲವು ಕಥೆಗಳು ‘ನೀನು’ ಎಂದು ಓದುಗನನ್ನೇ ಕರೆಯುತ್ತ ಸಾಗುತ್ತವೆ: ನೀನು ಕತ್ತಲಲ್ಲಿ ನಡೆಯುತ್ತಿದ್ದೀಯೆ, ನಿನ್ನ ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿಸುತ್ತದೆ. ಓದುಗ ತನಗೆ ಗೊತ್ತಿಲ್ಲದೆಯೇ ಆ ಪಾತ್ರದ ಚರ್ಮದೊಳಗೆ ಇಳಿದುಬಿಡುತ್ತಾನೆ. ಆ ಚರ್ಮ ಯಾರದು ಎಂಬುದು ಕೊನೆಯಲ್ಲಿ ತಿಳಿದಾಗ ಉಂಟಾಗುವ ತಳಮಳವನ್ನು ಕೇವಲ ಚಿತ್ರದಿಂದ ಹುಟ್ಟಿಸಲು ಸಾಧ್ಯವಿರಲಿಲ್ಲ.

ಮಾತು ಮತ್ತು ಚಿತ್ರ ಹೀಗೆ ಕೈಜೋಡಿಸಿದ ಕಥೆಗಳಲ್ಲಿ ನಾನು ಅತಿ ಹೆಚ್ಚು ಸಲ ಓದಿರುವುದು 1953ರಲ್ಲಿ ‘ವಿಯರ್ಡ್ ಫ್ಯಾಂಟಸಿ’ಯ 18ನೆಯ ಸಂಚಿಕೆಯಲ್ಲಿ ಬಂದ ‘ಜಡ್ಜ್‌ಮೆಂಟ್ ಡೇ’. ಬರಹ ಫೆಲ್ಡ್‌ಸ್ಟೈನ್‌ನದು, ಚಿತ್ರ ಜೋ ಒರ್ಲ್ಯಾಂಡೋನದು. ಟಾರ್ಲ್‌ಟನ್ ಎಂಬ ಭೂಮಿಯ ಪ್ರತಿನಿಧಿಯೊಬ್ಬ ಯಂತ್ರಮಾನವರೇ ತುಂಬಿರುವ ಸೈಬ್ರೀನಿಯ ಎಂಬ ಗ್ರಹಕ್ಕೆ ಬಂದಿಳಿಯುತ್ತಾನೆ. ಮೈತುಂಬ ಗಗನಯಾತ್ರಿಯ ದಿರಿಸು, ತಲೆಗೆ ಶಿರಸ್ತ್ರಾಣ. ಆ ಗ್ರಹ ನಕ್ಷತ್ರಲೋಕದ ಮಹಾ ಗಣರಾಜ್ಯಕ್ಕೆ ಸೇರಲು ಯೋಗ್ಯವೇ ಎಂದು ಪರೀಕ್ಷಿಸುವುದು ಅವನ ಕೆಲಸ. ಕಿತ್ತಳೆ ಬಣ್ಣದ ಯಂತ್ರಮಾನವನೊಬ್ಬ ಹೆಮ್ಮೆಯಿಂದ ತಮ್ಮ ನಗರವನ್ನೂ ಕಾರ್ಖಾನೆಯನ್ನೂ ತೋರಿಸುತ್ತ ಹೋಗುತ್ತಾನೆ. ಅಲ್ಲಿ ನೀಲಿ ಬಣ್ಣದ ಯಂತ್ರಮಾನವರೂ ಇದ್ದಾರೆ. ಆದರೆ ಅವರು ಬೇರೆ ಕೇರಿಯಲ್ಲಿದ್ದಾರೆ, ಬಸ್ಸಿನಲ್ಲಿ ಹಿಂದೆ ಕೂರುತ್ತಾರೆ, ಕೀಳು ಕೆಲಸಗಳನ್ನು ಮಾಡುತ್ತಾರೆ. ಟಾರ್ಲ್‌ಟನ್ ಎರಡೂ ಕಾರ್ಖಾನೆಗಳನ್ನು ನೋಡುತ್ತಾನೆ. ಅದೇ ಬಿಡಿಭಾಗಗಳು, ಅದೇ ಜೋಡಣೆ, ಅದೇ ತಂತಿಗಳು. ಹೊರಗಿನ ಹೊದಿಕೆಯ ಬಣ್ಣ ಮಾತ್ರ ಬೇರೆ, ಆ ಮೇಲೆ ಅವರಿಗೆ ಕಲಿಸುವ ಪಾಠ ಬೇರೆ. ನೀವಿನ್ನೂ ಸಿದ್ಧರಾಗಿಲ್ಲ ಎಂದು ಆತ ತನ್ನ ಜೊತೆಗಾರನಿಗೆ ತಿಳಿಸುತ್ತಾನೆ. ಭೂಮಿಯಲ್ಲಿಯೂ ಒಂದು ಕಾಲದಲ್ಲಿ ಹೀಗೆಯೇ ಇತ್ತು, ಆದ್ದರಿಂದ ನಿಮಗೂ ಭರವಸೆಯಿದೆ ಎಂದು ಸೇರಿಸುತ್ತಾನೆ. ನೌಕೆಯೊಳಗೆ ಹೋಗಿ ಶಿರಸ್ತ್ರಾಣ ತೆಗೆಯುತ್ತಾನೆ. ಕೊನೆಯ ಚೌಕದಲ್ಲಿ ಆತ ಕಪ್ಪು ಮನುಷ್ಯ. ಉಪಕರಣಗಳ ಬೆಳಕಿನಲ್ಲಿ ಅವನ ಕಪ್ಪು ಚರ್ಮದ ಮೇಲಿನ ಬೆವರ ಹನಿಗಳು ದೂರದ ನಕ್ಷತ್ರಗಳಂತೆ ಮಿನುಗುತ್ತಿವೆ.

ಈ ಕಥೆಯನ್ನು ಎರಡನೆಯ ಸಲ ಓದಿದಾಗ ನನಗೆ ಗೊತ್ತಾದದ್ದು, ಶಿರಸ್ತ್ರಾಣದಲ್ಲಿ ಯಾವ ಮೋಸವೂ ಇಲ್ಲವೆಂಬುದು. ಅನ್ಯಗ್ರಹದಲ್ಲಿ ನಡೆದಾಡುವವನು ಶಿರಸ್ತ್ರಾಣ ಹಾಕಿಕೊಂಡಿರುವುದು ಸಹಜ. ವಿಜ್ಞಾನ ಕಥೆಗಳ ಮುಖಪುಟಗಳಲ್ಲಿ ಅದನ್ನು ಎಷ್ಟು ಸಲ ನೋಡಿದ್ದೇವೆಂದರೆ ಅದರೊಳಗೆ ಒಂದು ಮುಖವಿದೆ ಎಂಬ ಯೋಚನೆಯೇ ಬರುವುದಿಲ್ಲ. ಮುಖವನ್ನು ನಾವೇ ಕಲ್ಪಿಸಿಕೊಂಡಿರುತ್ತೇವೆ, ಯಾವ ಮುಖವನ್ನು ಎಂಬುದೇ ಕಥೆ ನಮ್ಮ ಮುಂದಿಡುವ ಪ್ರಶ್ನೆ. ಕಥೆಯ ಉದ್ದಕ್ಕೂ ನ್ಯಾಯಾಧೀಶನ ಜಾಗದಲ್ಲಿ ನಿಂತು ಕಿತ್ತಳೆ ಯಂತ್ರಗಳ ಮೇಲೆ ತೀರ್ಪು ಕೊಡುತ್ತ ಬಂದ ಓದುಗ, ಕೊನೆಯ ಚೌಕದಲ್ಲಿ ತಾನೇ ಕಟಕಟೆಯಲ್ಲಿ ನಿಂತಿರುವುದನ್ನು ಕಾಣುತ್ತಾನೆ. ಕಥೆಯೂ ಇಲ್ಲಿ ಒಂದು ಮಾತನ್ನೂ ಹೆಚ್ಚಾಗಿ ಹೇಳುವುದಿಲ್ಲ. ಉದ್ದುದ್ದ ನಿರೂಪಣೆಗೆ ಹೆಸರಾದ ಫೆಲ್ಡ್‌ಸ್ಟೈನ್ ಇಲ್ಲಿ ಬೆವರ ಹನಿಗಳ ಬಗ್ಗೆ ಮಾತ್ರ ಬರೆದು ಸುಮ್ಮನಾಗಿದ್ದಾನೆ. ಈ ಸಂಯಮವನ್ನು ನೆನೆದಾಗಲೆಲ್ಲ ನನಗೆ ಆತನ ಮೇಲೆ ಗೌರವ ಹೆಚ್ಚುತ್ತದೆ.

ಬರ್ನಾರ್ಡ್ ಕ್ರಿಗ್‌ಸ್ಟೈನ್ ಚಿತ್ರಿಸಿದ ‘ಮಾಸ್ಟರ್ ರೇಸ್’ ಇದಕ್ಕಿಂತ ಭಿನ್ನವಾದ ದಾರಿ ಹಿಡಿಯುತ್ತದೆ. 1955ರಲ್ಲಿ ‘ಇಂಪ್ಯಾಕ್ಟ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂದ ಈ ಕಥೆ ವಿಜ್ಞಾನ ಕಥೆಯಲ್ಲ, ಆದರೆ ತಿರುವಿನ ಕಲೆಯ ವಿಚಾರ ಬಂದಾಗ ಇದನ್ನು ಬಿಟ್ಟು ಮುಂದೆ ಹೋಗಲಾರೆ. ಕಾರ್ಲ್ ರೈಸ್‌ಮನ್ ಎಂಬಾತ ನೆಲದಡಿಯ ರೈಲುನಿಲ್ದಾಣದ ಮೆಟ್ಟಿಲಿಳಿದು ರೈಲು ಹತ್ತಿ ಕೂರುತ್ತಾನೆ. ಯೂರೋಪಿನ ಭೀಕರ ನೆನಪುಗಳು ಅವನನ್ನು ಬಿಟ್ಟಿಲ್ಲ. ಮುಂದಿನ ನಿಲ್ದಾಣದಲ್ಲಿ ಕಪ್ಪು ಉಡುಪಿನ ಒಬ್ಬ ಮನುಷ್ಯ ಹತ್ತುತ್ತಾನೆ; ರೈಸ್‌ಮನ್ ನಡುಗತೊಡಗುತ್ತಾನೆ. ‘ನೀನು’ ಎಂದು ಕರೆಯುವ ನಿರೂಪಣೆ ನಮ್ಮನ್ನು ಅವನ ಭಯದೊಳಗೆ ಕೂರಿಸುತ್ತದೆ, ನಾಜಿಗಳ ಕೈಯಿಂದ ಪಾರಾಗಿ ಬಂದ ನಿರಾಶ್ರಿತನೊಬ್ಬ ತನ್ನ ಪೀಡಕನನ್ನು ಮತ್ತೆ ಕಂಡಿದ್ದಾನೆಂದು ನಾವು ತಿಳಿಯುತ್ತೇವೆ. ಸತ್ಯ ತಿರುವುಮುರುವಾಗಿದೆ. ರೈಸ್‌ಮನ್‌ನೇ ಬೆಲ್ಸೆನ್ ಸೆರೆಶಿಬಿರದ ಅಧಿಕಾರಿಯಾಗಿದ್ದವನು. ಎದುರು ನಿಂತಿರುವವನು ಅವನಿಂದ ಉಳಿದು ಬಂದವನು.

ಆ ಕಥೆಗೆ ಕೊಟ್ಟಿದ್ದು ಆರು ಪುಟ. ಕ್ರಿಗ್‌ಸ್ಟೈನ್ 12 ಪುಟ ಕೇಳಿ, ಕೊನೆಗೆ ಎಂಟಕ್ಕೆ ಒಪ್ಪಿಕೊಂಡ. ಈಗಾಗಲೇ ಅಕ್ಷರ ಬರೆದಿದ್ದ ಹಾಳೆಗಳನ್ನು ಕತ್ತರಿಸಿ, ಬೇರೆ ಹಾಳೆಗಳ ಮೇಲೆ ಅಂಟಿಸಿ, ಚೌಕಗಳ ಅಳತೆಯನ್ನೆಲ್ಲ ತಾನೇ ಮರುಜೋಡಿಸಿದ. ಕೊನೆಯ ಪುಟವನ್ನು ಹತ್ತಿರದಿಂದ ನೋಡಬೇಕು. ರೈಸ್‌ಮನ್ ವೇದಿಕೆಯ ಮೇಲೆ ಓಡುತ್ತಾನೆ, ಕಾಲು ಜಾರುತ್ತದೆ, ಬರುತ್ತಿರುವ ರೈಲಿನ ಮುಂದೆ ಬೀಳುತ್ತಾನೆ. ಬೇರೆ ಯಾರಾದರೂ ಒಂದು ದೊಡ್ಡ ಚೌಕದಲ್ಲಿ ಮುಗಿಸುತ್ತಿದ್ದ ಈ ಕ್ಷಣವನ್ನು ಕ್ರಿಗ್‌ಸ್ಟೈನ್ ಕಿರಿದಾದ, ಉದ್ದುದ್ದ ಪಟ್ಟಿಗಳಾಗಿ ಸೀಳಿದ್ದಾನೆ. ಒಂದರಲ್ಲಿ ಜಾರುವ ಕಾಲು, ಇನ್ನೊಂದರಲ್ಲಿ ಗಾಳಿಯಲ್ಲಿ ವಾಲಿದ ದೇಹ. ಹಾದುಹೋಗುವ ರೈಲಿನ ಕಿಟಕಿಗಳಲ್ಲಿ ಒಂದೇ ಮುಖ ನಾಲ್ಕೈದು ಸಲ ಮರುಕಳಿಸುತ್ತ ವೇಗವನ್ನು ಕಣ್ಣಿಗೆ ಕಟ್ಟುತ್ತದೆ. ಕಾಲ ನಿಧಾನವಾಗುತ್ತ ಆಗುತ್ತ ನಿಂತೇಬಿಟ್ಟಿತೇನೋ ಅನ್ನಿಸುವಷ್ಟರಲ್ಲಿ ರೈಲು ದಾಟಿರುತ್ತದೆ. ಕಪ್ಪು ಉಡುಪಿನವನು, ಸತ್ತವನು ತನಗೆ ಅಪರಿಚಿತನೆಂದು ಹೇಳಿ ಹೊರಟುಹೋಗುತ್ತಾನೆ. ಇಲ್ಲಿ ತಿರುವು ಎರಡು ಸಲ ಬರುತ್ತದೆ: ಮೊದಲನೆಯದು ನಮ್ಮ ಸಹಾನುಭೂತಿಯನ್ನು ಕಿತ್ತುಕೊಳ್ಳುತ್ತದೆ, ಎರಡನೆಯದು ಸೇಡಿನ ತೃಪ್ತಿಯನ್ನೂ ಕೊಡದೆ ಹೋಗುತ್ತದೆ. ಈ ಪುಟದ ಮುಂದೆ ನಾನು ಅಂಗೈ ಇಡುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಮುಚ್ಚಿಡಬೇಕಾದ ಒಂದು ಚೌಕವೆಂಬುದೇ ಇಲ್ಲ.

ಇ.ಸಿ.ಯವರ ವಿಜ್ಞಾನ ಕಥೆಗಳ ಮಾತು ಬಂದಾಗ ಹೆಸರಾಂತ ವಿಜ್ಞಾನ ಕಥೆಗಾರ ರೇ ಬ್ರಾಡ್‌ಬರಿಯನ್ನು ನೆನೆಯದೆ ಇರಲಾಗದು. 1952ರಲ್ಲಿ ‘ವಿಯರ್ಡ್ ಫ್ಯಾಂಟಸಿ’ಯ 13ನೆಯ ಸಂಚಿಕೆ ಆತನ ಎರಡು ಕಥೆಗಳನ್ನು ಅನುಮತಿಯಿಲ್ಲದೆ ಹೊಸೆದು ಒಂದು ಕಾಮಿಕ್ಸ್ ಕಥೆ ಮಾಡಿತ್ತು. ಬ್ರಾಡ್‌ಬರಿ ವಕೀಲರನ್ನು ಕಳಿಸಲಿಲ್ಲ. ತನಗೆ ಬರಬೇಕಾದ 50 ಡಾಲರ್ ಸಂಭಾವನೆಯನ್ನು ಕಳಿಸಲು ಮರೆತಿರಬೇಕು ಎಂದು ಸೌಜನ್ಯದಿಂದ ಪತ್ರ ಬರೆದ. ಹಣ ಹೋಯಿತು, ಅದರ ಬೆನ್ನಿಗೆ ಅಧಿಕೃತ ರೂಪಾಂತರಗಳು ಬರತೊಡಗಿದವು. ಅವುಗಳಲ್ಲಿ ವ್ಯಾಲಿ ವುಡ್ ಚಿತ್ರಿಸಿದ ಒಂದು ಕಥೆಯಲ್ಲಿ ಬದುಕಿರುವ ಮನುಷ್ಯರೇ ಇಲ್ಲ. ಅಣುಬಾಂಬಿನ ನಂತರವೂ ತನ್ನಷ್ಟಕ್ಕೆ ತಾನೇ ಅಡುಗೆ ಮಾಡುತ್ತ, ಗುಡಿಸುತ್ತ, ಸಮಯ ಹೇಳುತ್ತ ಉಳಿದಿರುವ ಯಾಂತ್ರಿಕ ಮನೆಯೊಂದೇ ಅಲ್ಲಿನ ಪಾತ್ರ. ಅಲ್ಲಿ ಬಾಳಿದ ಕುಟುಂಬದ ಗುರುತಾಗಿ ಹೊರಗೋಡೆಯ ಮೇಲೆ ನೆರಳಿನಂಥ ಆಕೃತಿಗಳು ಮಾತ್ರ ಉಳಿದಿವೆ. ವುಡ್ ಯಂತ್ರಗಳನ್ನು ಚಿತ್ರಿಸುವುದರಲ್ಲಿ ಎಲ್ಲರನ್ನೂ ಮೀರಿಸಿದವನು. ಅವನ ನೌಕೆಗಳ ಒಳಗೋಡೆಗಳಲ್ಲಿ ಕೊಳವೆ, ಮಾಪಕ, ತಿರುಪು, ತಂತಿಗಳು ಒಂದು ಬೆರಳಿಡಲೂ ಜಾಗವಿಲ್ಲದಂತೆ ತುಂಬಿರುತ್ತವೆ. ಆ ಗಿಜಿಗುಡುವ ಯಂತ್ರಗಳ ನಡುವೆ ಮನುಷ್ಯನ ಜಾಗ ಖಾಲಿಯಾಗಿರುವುದನ್ನು ನೋಡುವಾಗ ಬರುವ ಮೈನಡುಕಕ್ಕೆ ಯಾವ ದೆವ್ವದ ಕಥೆಯೂ ಸಾಟಿಯಾಗದು.

ಎಲ್ಲ ಕಥೆಗಳೂ ಈ ಎತ್ತರದವೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ವಾರಕ್ಕೆ ನಾಲ್ಕು ಕಥೆ ಬರೆಯುವವನ ಕೈಯಲ್ಲಿ ಅಚ್ಚು ಹಾಕಿದಂಥ ಕಥೆಗಳು ಬರದೆ ಇರುವುದಿಲ್ಲ. ಗಂಡನನ್ನು ಕೊಂದ ಹೆಂಡತಿ, ಹೆಂಡತಿಯನ್ನು ಕೊಂದ ಗಂಡ, ಗೋರಿಯಿಂದೆದ್ದು ಬಂದು ಲೆಕ್ಕ ಚುಕ್ತಾ ಮಾಡುವ ಹೆಣ, ಈ ಮೂವರನ್ನೇ ಅದಲು ಬದಲು ಮಾಡಿ ಕಟ್ಟಿದ ಕಥೆಗಳು ಹತ್ತಾರಿವೆ. ಕಾಲದಲ್ಲಿ ಹಿಂದಕ್ಕೆ ಹೋದವನು ತನಗೆ ತಾನೇ ತಂದೆಯಾಗುವ ಬಗೆಯ ತಿರುವನ್ನು ಮೂರು ಸಲ ಓದಿದ ಮೇಲೆ ನಾಲ್ಕನೆಯದನ್ನು ಎರಡನೆಯ ಪುಟದಲ್ಲೇ ಊಹಿಸಬಹುದು. ಹೆಂಗಸರ ಪಾತ್ರಗಳಂತೂ ಬಹುಪಾಲು ದುರಾಸೆಯ ಇಲ್ಲವೇ ಕಿರುಕುಳದ ಗೊಂಬೆಗಳು. ಅದನ್ನು ಕಾಲದ ತಪ್ಪೆಂದು ತೇಲಿಸಲು ನನಗೆ ಮನಸ್ಸಿಲ್ಲ. ಲೆಕ್ಕಾಚಾರದ ಮಾತು ಹೇಳುವುದಾದರೆ, ಭಯಾನಕ ಕಥೆಗಳ ಪತ್ರಿಕೆಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು, ಗೇನ್ಸ್ ಹೆಮ್ಮೆಪಡುತ್ತಿದ್ದ ವಿಜ್ಞಾನ ಕಥಾ ಪತ್ರಿಕೆಗಳು ಅವುಗಳ ಆಸರೆಯಲ್ಲಿ ನಡೆಯುತ್ತಿದ್ದವು. 1954ರಲ್ಲಿ ಎರಡು ಪತ್ರಿಕೆಗಳನ್ನೂ ಸೇರಿಸಿ ‘ವಿಯರ್ಡ್ ಸೈನ್ಸ್-ಫ್ಯಾಂಟಸಿ’ ಎಂಬ ಒಂದೇ ಪತ್ರಿಕೆ ಮಾಡಬೇಕಾಯಿತು.

ಆ ವರ್ಷವೇ ದೊಡ್ಡ ಬಿರುಗಾಳಿ ಎದ್ದಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ತನ್ನ ಪುಸ್ತಕದಲ್ಲಿ ಕಾಮಿಕ್ಸ್‌ಗಳು ಮಕ್ಕಳನ್ನು ಅಪರಾಧದತ್ತ ತಳ್ಳುತ್ತಿವೆಯೆಂದು ವಾದಿಸಿದ. 1954ರ ಏಪ್ರಿಲ್ 21ರಂದು ಸೆನೆಟ್ ಉಪಸಮಿತಿಯ ಮುಂದೆ ಆತನೂ ಗೇನ್ಸ್‌ನೂ ಸಾಕ್ಷ್ಯ ನುಡಿದರು. ಕಡಿದ ತಲೆಯೊಂದನ್ನು ತೋರಿಸುವ ಮುಖಪುಟವನ್ನು ಹಿಡಿದು, ಇದು ಸದಭಿರುಚಿಯೇ ಎಂದು ಸೆನೆಟರ್ ಎಸ್ಟೆಸ್ ಕೆಫಾವರ್ ಕೇಳಿದ್ದೂ, ಭಯಾನಕ ಕಾಮಿಕ್ಸ್‌ನ ಮುಖಪುಟವಾಗಿ ಹೌದು ಎಂದು ಗೇನ್ಸ್ ಉತ್ತರಿಸಿದ್ದೂ ಎಲ್ಲರೂ ಹೇಳುವ ಕಥೆ. ನನಗೆ ಅದಕ್ಕಿಂತ ಮುಖ್ಯವೆನ್ನಿಸುವುದು ಅದೇ ವಿಚಾರಣೆಯಲ್ಲಿ ‘ದ ವಿಪ್ಪಿಂಗ್’ ಎಂಬ ಕಥೆಯ ಬಗ್ಗೆ ನಡೆದ ಮಾತು. ಮಗಳು ಮೆಕ್ಸಿಕನ್ ಮೂಲದ ಹುಡುಗನನ್ನು ಪ್ರೀತಿಸಿದಳೆಂದು ಕೆರಳಿದ ತಂದೆಯೊಬ್ಬ ಮುಸುಕುಧಾರಿಗಳ ಗುಂಪು ಕಟ್ಟಿಕೊಂಡು ಹೋಗಿ, ಕತ್ತಲಲ್ಲಿ ಚೀಲ ಮುಚ್ಚಿ ಹೊಡೆದು ಕೊಲ್ಲುತ್ತಾನೆ. ಚೀಲ ತೆಗೆದಾಗ ಸತ್ತಿರುವುದು ಅವನ ಸ್ವಂತ ಮಗಳು. ಆ ತಂದೆಯ ಬಾಯಲ್ಲಿ ಬರುವ ಬೈಗುಳವನ್ನು ಎತ್ತಿ ತೋರಿಸಿ, ಈ ಕಾಮಿಕ್ಸ್ ಜನಾಂಗದ್ವೇಷವನ್ನು ಕಲಿಸುತ್ತದೆ ಎಂದು ವರ್ಥಮ್ ಹೇಳಿದ. ದ್ವೇಷದ ವಿರುದ್ಧವೇ ಬರೆದ ಕಥೆಯದು ಎಂದು ಗೇನ್ಸ್ ಉತ್ತರ ಕೊಟ್ಟ.

ವರ್ಥಮ್‌ನನ್ನು ಖಳನಾಯಕನೆಂದು ಚಿತ್ರಿಸುವುದು ಸುಲಭ, ನ್ಯಾಯವಲ್ಲ. ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ ಚಿಕಿತ್ಸಾಲಯ ನಡೆಸಿದವನು ಆತ. ಶಾಲೆಗಳಲ್ಲಿ ವರ್ಣಭೇದ ಮಕ್ಕಳ ಮನಸ್ಸಿಗೆ ಮಾಡುವ ಹಾನಿಯ ಬಗ್ಗೆ ಆತ ಕೊಟ್ಟ ಸಾಕ್ಷ್ಯ, ಅಂಥ ವರ್ಣಭೇದವನ್ನು ರದ್ದುಮಾಡಿದ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 1954ರ ಐತಿಹಾಸಿಕ ತೀರ್ಪಿಗೆ ಸೇರಿದ ಮೊಕದ್ದಮೆಗಳಲ್ಲಿ ಒಂದಕ್ಕೆ ನೆರವಾಗಿತ್ತು. ಅಂಥವನಿಗೂ ಕಾಮಿಕ್ಸ್ ಕಥೆಯೊಂದನ್ನು ಕೊನೆಯವರೆಗೆ ಓದುವ ತಾಳ್ಮೆ ಇರಲಿಲ್ಲ ಎಂಬುದು ನನ್ನ ಕೊರಗು. ತಿರುವಿನ ಕಥೆಯ ನಡುವಿನಿಂದ ಒಂದು ಚೌಕವನ್ನು ಕಿತ್ತು ತೋರಿಸಿದರೆ ಅದು ಹೇಳುವುದು ಕಥೆಯ ಮಾತನ್ನಲ್ಲ, ಬಹಳ ಸಲ ಅದಕ್ಕೆ ನೇರ ವಿರುದ್ಧವಾದುದನ್ನು. ಆತ ತನ್ನ ರೋಗಿಗಳ ಹೇಳಿಕೆಗಳನ್ನೂ ವಾದಕ್ಕೆ ಹೊಂದುವಂತೆ ತಿದ್ದಿದ್ದನೆಂದು 2012ರಲ್ಲಿ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ದಾಖಲೆಗಳ ಆಧಾರದಿಂದ ತೋರಿಸಿಕೊಟ್ಟರು.

1954ರ ಅಕ್ಟೋಬರಿನಲ್ಲಿ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ಕಾಮಿಕ್ಸ್ ಸಂಹಿತೆ ಜಾರಿಗೆ ಬಂದಿತು. ರಕ್ತಪಿಶಾಚಿಗಳು, ತೋಳಮನುಷ್ಯರು, ನಡೆದಾಡುವ ಹೆಣಗಳು ನಿಷಿದ್ಧವಾದವು. ಪತ್ರಿಕೆಯ ಹೆಸರಿನಲ್ಲಿ ‘ಹಾರರ್’, ‘ಟೆರರ್’ ಎಂಬ ಪದಗಳು ಬರುವಂತಿರಲಿಲ್ಲ. ಎಲ್ಲ ಕಥೆಗಳಲ್ಲೂ ಒಳಿತೇ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆಯಾಗಲೇಬೇಕು ಎಂಬ ನಿಯಮ ತಿರುವಿನ ಕಥೆಗಳ ಬುಡಕ್ಕೇ ಕೊಡಲಿ ಹಾಕಿತು, ಏಕೆಂದರೆ ಕಥೆ ಎಲ್ಲಿ ಮುಗಿಯುತ್ತದೆಂದು ಓದುಗನಿಗೆ ಮೊದಲೇ ಗೊತ್ತಾಗಿಬಿಡುತ್ತಿತ್ತು. ಸಂಹಿತೆಯ ಮುದ್ರೆಯಿಲ್ಲದ ಪತ್ರಿಕೆಗಳ ಕಟ್ಟುಗಳನ್ನು ಸಗಟು ವ್ಯಾಪಾರಿಗಳು ಬಿಚ್ಚದೆಯೇ ಹಿಂದಿರುಗಿಸಿದರು. ಕೊನೆಗೆ ಗೇನ್ಸ್‌ನೂ ಮಣಿದ.

‘ಜಡ್ಜ್‌ಮೆಂಟ್ ಡೇ’ ಮತ್ತೆ ಕಾಣಿಸಿಕೊಳ್ಳುವುದು ಈ ಸಂದರ್ಭದಲ್ಲಿ. ‘ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್’ ಎಂಬ ಹೊಸ ಹೆಸರು ಹೊತ್ತ ಪತ್ರಿಕೆಯ 33ನೆಯ ಸಂಚಿಕೆಗೆ ಬರೆಸಿದ್ದ ಒಂದು ಕಥೆಯನ್ನು ಸಂಹಿತೆಯ ಕಚೇರಿ ತಿರಸ್ಕರಿಸಿತು. ಅದರ ಜಾಗಕ್ಕೆ ಹಳೆಯ ‘ಜಡ್ಜ್‌ಮೆಂಟ್ ಡೇ’ಯನ್ನು ಮರುಮುದ್ರಿಸಲು ಹೊರಟಾಗ, ಆ ಕಚೇರಿಯ ಆಡಳಿತಗಾರನಾಗಿದ್ದ ಚಾರ್ಲ್ಸ್ ಮರ್ಫಿ ಗಗನಯಾತ್ರಿ ಕಪ್ಪು ಮನುಷ್ಯನಾಗಿರಕೂಡದು ಎಂದ. ಕಥೆ ಇರುವುದೇ ಅದಕ್ಕಾಗಿ ಎಂದು ಫೆಲ್ಡ್‌ಸ್ಟೈನ್ ಉತ್ತರಿಸಿದ. ಹಾಗಾದರೆ ಬೆವರ ಹನಿಗಳನ್ನಾದರೂ ಅಳಿಸಿ ಎಂಬ ಬೇಡಿಕೆ ಬಂದಿತು. ಗೇನ್ಸ್ ಒಪ್ಪದೆ, ಒಂದು ಗೆರೆಯನ್ನೂ ತಿದ್ದದೆ, ಕಥೆಯನ್ನು ಇದ್ದಂತೆಯೇ ಅಚ್ಚು ಹಾಕಿದ. 1956ರ ಆರಂಭದ ಆ ಸಂಚಿಕೆಯೇ ಇ.ಸಿ.ಯ ಕೊನೆಯ ಕಾಮಿಕ್ಸ್ ಪುಸ್ತಕವಾಯಿತು. ಬಸ್ಸಿನ ಹಿಂದಿನ ಸೀಟುಗಳಲ್ಲಿ ಕುಳಿತ ನೀಲಿ ಯಂತ್ರಮಾನವರ ಚಿತ್ರ ಆ ಸಲ ಓದುಗರ ಕೈ ಸೇರುವ ಹೊತ್ತಿಗೆ, ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಕಪ್ಪು ಜನರು ನಗರದ ಬಸ್ಸುಗಳನ್ನು ಬಹಿಷ್ಕರಿಸಿ ನಡೆಯುತ್ತಿದ್ದರು; ಆ ಚಳವಳಿ ಆರಂಭವಾದದ್ದು 1955ರ ಡಿಸೆಂಬರ್ 5ರಂದು. ಈ ಎರಡನ್ನೂ ಯಾರೂ ಯೋಜಿಸಿ ಜೋಡಿಸಿದ್ದಲ್ಲ. ಆದರೂ ಆ ಮರುಮುದ್ರಣವನ್ನು ನೋಡುವಾಗ ಬೆವರ ಹನಿಗಳಿಗಿಂತ ಮೊದಲು ನನ್ನ ಕಣ್ಣು ಆ ಬಸ್ಸನ್ನು ಹುಡುಕುತ್ತದೆ.

ಸಂಹಿತೆಯ ನಂತರ ಈ ಬಗೆಯ ಕಥೆಗಳು ಸತ್ತುಹೋದವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ರಕ್ತವೂ ಹೆಣವೂ ಹೋದವು, ಬೆರಗು ಉಳಿಯಿತು. ಡಿ.ಸಿ. ಸಂಸ್ಥೆಯಲ್ಲಿ ಜೂಲಿಯಸ್ ಶ್ವಾರ್ಟ್ಸ್ ‘ಸ್ಟ್ರೇಂಜ್ ಅಡ್ವೆಂಚರ್ಸ್’, ‘ಮಿಸ್ಟರಿ ಇನ್ ಸ್ಪೇಸ್’ ಪತ್ರಿಕೆಗಳನ್ನು ಮೊದಲಿನಿಂದಲೂ ಬೇರೆ ಹದದಲ್ಲಿ ನಡೆಸುತ್ತಿದ್ದ. ಆತ ಹಿಂದೆ ವಿಜ್ಞಾನ ಕಥೆಗಾರರ ಏಜೆಂಟನಾಗಿದ್ದವನು. ಮೊದಲು ಮುಖಪುಟದ ಚಿತ್ರ, ಆಮೇಲೆ ಅದಕ್ಕೆ ಹೊಂದುವ ಕಥೆ ಎಂಬುದು ಅವನ ಪದ್ಧತಿ. 1951ರ ಒಂದು ಮುಖಪುಟದಲ್ಲಿ ಬೋನಿನೊಳಗಿನ ಗೊರಿಲ್ಲಾ, ತಾನೊಂದು ಘೋರ ಪ್ರಯೋಗಕ್ಕೆ ಬಲಿಯಾದ ಮನುಷ್ಯನೆಂದು ಬರೆದು ತಿಳಿಸುತ್ತಿದೆ. ಆ ಸಂಚಿಕೆ ಎಷ್ಟು ಮಾರಾಟವಾಯಿತೆಂದರೆ ಆಮೇಲೆ ವರ್ಷಗಟ್ಟಲೆ ಮುಖಪುಟಗಳಲ್ಲಿ ಗೊರಿಲ್ಲಾಗಳು ಬರುತ್ತಲೇ ಹೋದವು. ಇವು ಒಗಟಿನ ಕಥೆಗಳು. ಬಿಡಿಸಿದಾಗ ಸಂತೋಷವಾಗುತ್ತದೆ, ರಾತ್ರಿ ನೆನಪಿಗೆ ಬಂದು ಕಾಡುವುದಿಲ್ಲ.

ಕಾಡುವ ಕಥೆಗಳು ಬಂದದ್ದು ಸ್ಟೀವ್ ಡಿಟ್ಕೊನ ಕೈಯಿಂದ. 1961ರ ಕೊನೆಯಲ್ಲಿ ಮಾರ್ವೆಲ್‌ನವರು ‘ಅಮೇಝಿಂಗ್ ಅಡಲ್ಟ್ ಫ್ಯಾಂಟಸಿ’ ಎಂಬ ಪತ್ರಿಕೆಯನ್ನು ಇಡಿಯಾಗಿ ಡಿಟ್ಕೊ ಮತ್ತು ಸ್ಟ್ಯಾನ್ ಲೀ ಜೋಡಿಗೆ ಒಪ್ಪಿಸಿದರು. ನಿಮ್ಮ ಬುದ್ಧಿಯನ್ನು ಗೌರವಿಸುವ ಪತ್ರಿಕೆ ಎಂಬ ಅರ್ಥದ ಸಾಲು ಅದರ ಮುಖಪುಟದ ಮೇಲಿತ್ತು. ಹೆಚ್ಚಿನ ಕಥೆಗಳು ಐದೇ ಪುಟ. ಡಿಟ್ಕೊ ಚಿತ್ರಿಸಿದ ಮನುಷ್ಯರು ಸುಂದರರಲ್ಲ. ಕುಗ್ಗಿದ ಭುಜ, ಬೆವೆತ ಹಣೆ, ಕನ್ನಡಕದ ಹಿಂದಿನ ದಿಗಿಲು, ಎಲ್ಲಕ್ಕಿಂತ ಹೆಚ್ಚಾಗಿ ಆ ಕೈಗಳು. ಬೆರಳುಗಳನ್ನು ಸೆಟೆಸಿ, ಮಡಚಿ, ಗಾಳಿಯನ್ನು ಹಿಡಿಯಲು ಹೊರಟಂತೆ ಆತ ಬರೆದ ಕೈಗಳನ್ನು ನೋಡಿದರೆ ಮಾತು ಓದದೆಯೇ ಪಾತ್ರದ ಮನಸ್ಸು ತಿಳಿಯುತ್ತದೆ. ಹೆಣವನ್ನು ತೋರಿಸುವಂತಿಲ್ಲವೆಂದ ಮೇಲೆ ಭಯವನ್ನೆಲ್ಲ ಬದುಕಿರುವವನ ಬೆರಳುಗಳಲ್ಲಿ ತುಂಬಿದ ಚಿತ್ರಗಾರನೀತ.

1962ರ ಆಗಸ್ಟಿನಲ್ಲಿ ಆ ಪತ್ರಿಕೆ ‘ಅಮೇಝಿಂಗ್ ಫ್ಯಾಂಟಸಿ’ ಎಂಬ ಹೆಸರಿನಲ್ಲಿ ತನ್ನ 15ನೆಯ ಮತ್ತು ಕೊನೆಯ ಸಂಚಿಕೆಯನ್ನು ಹೊರತಂದಿತು. ಜೇಡನ ಕಡಿತಕ್ಕೆ ಸಿಕ್ಕಿ ಸ್ಪೈಡರ್‌ಮ್ಯಾನ್ ಆದ ಹುಡುಗನ ಮೊದಲ ಕಥೆ ಇರುವುದು ಅದರಲ್ಲೇ. ಎಲ್ಲರೂ ಅದನ್ನು ಒಬ್ಬ ವೀರನ ಹುಟ್ಟಿನ ಕಥೆಯೆಂದು ಓದುತ್ತಾರೆ; ನಾನು ಅದನ್ನು ಓದುವುದು ತಿರುವಿನ ಕಥೆಯಾಗಿ. ಶಕ್ತಿ ಬಂದ ಗರ್ವದಲ್ಲಿ ಹುಡುಗ ಓಡಿಹೋಗುತ್ತಿದ್ದ ಕಳ್ಳನೊಬ್ಬನನ್ನು ತಡೆಯದೆ ಬಿಡುತ್ತಾನೆ. ಚಿಕ್ಕಪ್ಪನ ಕೊಲೆಗಾರನನ್ನು ಹಿಡಿದು ಮುಖ ನೋಡಿದಾಗ ಅದು ಅದೇ ಕಳ್ಳನ ಮುಖ. ಐದು ಪುಟಗಳ ಕಥೆಗಳಲ್ಲಿ ಡಿಟ್ಕೊ ಮತ್ತು ಲೀ ಪಳಗಿಸಿಕೊಂಡಿದ್ದ ವರಸೆಯೇ ಇಲ್ಲಿ 11 ಪುಟಗಳಿಗೆ ಬೆಳೆದಿದೆ. ಆದರೆ ವೀರನಿಗೆ ಮುಂದಿನ ತಿಂಗಳು ಬೇಕು, ತಿರುವಿನ ಕಥೆಗೆ ಮುಂದಿನ ತಿಂಗಳೆಂಬುದಿಲ್ಲ. ವೀರರು ಗೆದ್ದರು. ಒಂದೊಂದಾಗಿ ಇಂಥ ಪತ್ರಿಕೆಗಳ ಪುಟಗಳನ್ನೆಲ್ಲ ಅವರು ಆಕ್ರಮಿಸಿಕೊಂಡರು. ಸಂಹಿತೆಗೆ ಒಳಪಡದ ದೊಡ್ಡ ಅಳತೆಯ ಕಪ್ಪುಬಿಳುಪಿನ ‘ಕ್ರೀಪಿ’ಯಂಥ ಪತ್ರಿಕೆಗಳು 1964ರ ನಂತರ ಹಳೆಯ ಚಿತ್ರಗಾರರಲ್ಲಿ ಹಲವರನ್ನು ಮತ್ತೆ ಕರೆತಂದವು, ಅವುಗಳದು ಬೇರೆಯೇ ಕಥೆ.

ಆ 15ನೆಯ ಸಂಚಿಕೆಯಲ್ಲಿ ಇನ್ನೂ ಮೂರು ಸಣ್ಣ ಕಥೆಗಳಿವೆ. ಅವುಗಳಲ್ಲಿ ಒಂದರಲ್ಲಿ, ಮಂಗಳಗ್ರಹದವರು ನಮ್ಮ ನಡುವೆಯೇ ಅಡಗಿದ್ದಾರೆಂಬ ಸುದ್ದಿ ಹಬ್ಬಿ ಊರೆಲ್ಲ ಹುಡುಕಾಟ ನಡೆದಿರುತ್ತದೆ. ಗಂಡ ಹೊರಗೆ ಹೋಗುವಾಗ ಮನೆ ಬಿಟ್ಟು ಕದಲಬೇಡವೆಂದು ಹೆಂಡತಿಗೆ ಎಚ್ಚರಿಕೆ ಹೇಳುತ್ತಾನೆ. ಆಕೆ ಒಂದು ಸಣ್ಣ ಕೆಲಸಕ್ಕೆಂದು ಹೊರಗೆ ಹೆಜ್ಜೆ ಇಟ್ಟವಳು ಹಿಂದಿರುಗುವುದಿಲ್ಲ. ಓದುಗ ಇಷ್ಟು ಹೊತ್ತೂ ಮರುಗಿದ್ದು ಆ ಗಂಡ ಹೆಂಡತಿಯರಿಗಾಗಿ. ಕೊನೆಯ ಚೌಕದಲ್ಲಿ ತಿಳಿಯುತ್ತದೆ, ಮಂಗಳಗ್ರಹದವರು ಅವರೇ, ಹಿಡಿದೊಯ್ದವರು ಮನುಷ್ಯರು. ಈ ಸಂಚಿಕೆಯ ಒಂದು ಪ್ರತಿ 2021ರ ಸೆಪ್ಟೆಂಬರಿನಲ್ಲಿ 36 ಲಕ್ಷ ಡಾಲರಿಗೆ ಹರಾಜಾಯಿತು. ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಮುಚ್ಚಿ ಮುದ್ರೆ ಹಾಕಿದ ಪ್ರತಿಯದು, ಮುಖಪುಟ ಮಾತ್ರ ಕಾಣುತ್ತದೆ. ಆ ಕವಚವನ್ನು ಒಡೆಯದೆ ಒಳಪುಟಗಳನ್ನು ತಿರುವುವಂತಿಲ್ಲ. ಅದರೊಳಗೆ ಎಲ್ಲೋ, ಯಾರ ಅಂಗೈಯ ಮರೆಯೂ ಬೇಕಿಲ್ಲದ ಕತ್ತಲಲ್ಲಿ, ಆ ಹೆಂಡತಿ ಬಾಗಿಲ ಬಳಿ ನಿಂತಿದ್ದಾಳೆ.